ಆಟೋಎನ್‌ಕೋಡರ್ ಬೇಕಾ, ಎಲ್‌ಎಸ್‌ಟಿಎಂ ಬೇಕಾ?

ಬದಿಯಡ್ಕದ ನಿಮ್ಮ ಕಾಲೇಜು ಲ್ಯಾಬಿನ ನೆಟ್‌ವರ್ಕ್‌ಗೆ ದಾಳಿಯಾದರೆ ಪತ್ತೆ ಹಚ್ಚಲು, ಡೇಟಾ ನೋಡಿ ಕಲಿಯುವ ಈ ಎರಡು ಎಐ ವಿಧಾನಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಎರಡಕ್ಕೂ ದಾಳಿಯ ಮಾದರಿ ಬೇಕಿಲ್ಲ, ಮಾಮೂಲಿ ಟ್ರಾಫಿಕ್ (ನೆಟ್‌ವರ್ಕ್‌ನಲ್ಲಿ ದಿನವೂ ಓಡಾಡುವ ಡೇಟಾ) ಕಲಿಸಿದರೆ ಸಾಕು.

ಖರ್ಚಿನಲ್ಲಿ ಆಟೋಎನ್‌ಕೋಡರ್ ಹಗುರ. ಚಿಕ್ಕದಾದರೆ ಜಿಪಿಯು (ಭಾರೀ ಲೆಕ್ಕ ಮಾಡುವ ಚಿಪ್) ಇಲ್ಲದ ಪಿಸಿಯಲ್ಲೂ ಓಡುತ್ತದೆ. ಡೇಟಾವನ್ನು ಕುಗ್ಗಿಸಿ ಮತ್ತೆ ಕಟ್ಟುತ್ತದೆ. ಕಟ್ಟಿದ್ದಕ್ಕೂ ಮೂಲಕ್ಕೂ ವ್ಯತ್ಯಾಸ ಜಾಸ್ತಿಯಾದರೆ ಅನುಮಾನ. ಒಂದು ಯಂತ್ರ ನಿಮಿಷಕ್ಕೆ ಎಷ್ಟು ಪೋರ್ಟ್ (ಸಂಪರ್ಕಕ್ಕಿರುವ ನಂಬರಿನ ಬಾಗಿಲು) ತಟ್ಟಿತು ಎಂಬ ಲೆಕ್ಕ ಕೊಟ್ಟರೆ, ದಿಢೀರ್ ನೂರಾರು ಪೋರ್ಟ್ ತಟ್ಟುವ ಯಂತ್ರ ಸಿಕ್ಕಿಬೀಳುತ್ತದೆ.

1997ರಲ್ಲಿ ಬಂದ ಎಲ್‌ಎಸ್‌ಟಿಎಂ ಯಾವುದರ ನಂತರ ಯಾವುದು ಬಂತು ಎಂಬ ಕ್ರಮ ನೆನಪಿಡುತ್ತದೆ. ಬಿಟ್ಟು ಬಿಟ್ಟು ಪಾಸ್‌ವರ್ಡ್ ಊಹಿಸುವವನ ಮಟ್ಟಿಗೆ ಇದೇ ಮೇಲು. ತರಬೇತಿಗೆ ಮಾತ್ರ ಸಮಯ ಜಾಸ್ತಿ.

ಸುಳ್ಳು ಎಚ್ಚರಿಕೆ? ಓಣಂ ರಜೆ ಮುಗಿದು ಎಲ್ಲರೂ ಒಟ್ಟಿಗೆ ಲಾಗಿನ್ ಆದ ಬೆಳಗ್ಗೆ ಎರಡೂ ಕೂಗಬಹುದು. ಎಷ್ಟು ವ್ಯತ್ಯಾಸಕ್ಕೆ ಕೂಗಬೇಕು ಎಂಬ ಮಿತಿ ಹೊಂದಿಸುವ ಕೆಲಸ ತಪ್ಪಿದ್ದಲ್ಲ.

ನೋಡಿಕೊಳ್ಳಲು ನೀವೊಬ್ಬರೇ ಅಲ್ವಾ? ಹಾಗಾದರೆ ಆಟೋಎನ್‌ಕೋಡರ್. ತಿಂಗಳುಗಟ್ಟಲೆಯ ಲಾಗ್ (ನೆಟ್‌ವರ್ಕ್‌ನ ದಾಖಲೆ), ಜೊತೆಗೆ ಜಿಪಿಯು ಇದ್ದರೆ ಎಲ್‌ಎಸ್‌ಟಿಎಂ ನೋಡಿ.