5 ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್: ಕೊಡಗಿನ ಮಳೆಗಾಲಕ್ಕೆ ತಡೆಯುತ್ತದೆಯೇ?

ಕೊಡಗಿನ ಸಣ್ಣ ಆಸ್ಪತ್ರೆಗಳಿಗೆ ಈ ಯಂತ್ರ ಬೇಕೇ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತ್ತಲ್ಲ, ಅಂಥ ದಿನ ಸಿಲಿಂಡರ್ ಲಾರಿ ಬರುವುದಿಲ್ಲ. ನಿಮಿಷಕ್ಕೆ 5 ಲೀಟರ್ ಬಿಟ್ಟರೆ 1,500 ಲೀಟರಿನ ಬಿ ಟೈಪ್ ಸಿಲಿಂಡರ್ 5 ಗಂಟೆಯಲ್ಲಿ ಖಾಲಿ, 7,000 ಲೀಟರಿನ ಡಿ ಟೈಪ್ ಸುಮಾರು 23 ಗಂಟೆಯಲ್ಲಿ. ಕಾನ್ಸಂಟ್ರೇಟರ್ ಕೋಣೆಯ ಗಾಳಿಯಿಂದಲೇ ನಿಮಿಷಕ್ಕೆ 5 ಲೀಟರ್‌ವರೆಗೆ, 90ರಿಂದ 96 ಶೇಕಡಾ ಶುದ್ಧತೆಯ ಆಕ್ಸಿಜನ್ ಕೊಡುತ್ತದೆ; ಅದಕ್ಕೆ ಬೇಕಾದದ್ದು 350 ವ್ಯಾಟ್‌ನಷ್ಟು ಕರೆಂಟ್.

ಆದರೆ ಕೊರೋನಾದ ಎಲ್ಲ ರೋಗಿಗಳಿಗೂ ಇದು ಸಾಲದು. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90ರಿಂದ 93ರಲ್ಲಿದ್ದು ಮೂಗಿನ ನಳಿಕೆಯಲ್ಲೇ ಚೇತರಿಸಿಕೊಳ್ಳುವವರಿಗೆ ಸರಿ. ಚೀಲವಿರುವ ಮಾಸ್ಕ್‌ಗೆ ನಿಮಿಷಕ್ಕೆ 10ರಿಂದ 15 ಲೀಟರ್ ಬೇಕು, ಅಲ್ಲಿ ಸಿಲಿಂಡರ್ ಅಥವಾ ಪೈಪ್‌ಲೈನ್ ಆಗಲೇಬೇಕು. ಕವಲಾಗುವ ವೈ ಕನೆಕ್ಟರ್ ಹಾಕಿ ಇಬ್ಬರಿಗೆ ಹಂಚುವುದು ಬೇಡ: ಯಾರಿಗೆ ಎಷ್ಟು ಹೋಗುತ್ತಿದೆ ಎಂದು ತಿಳಿಯದು, ಸೋಂಕು ದಾಟುವ ಭಯವೂ ಇದೆ.

ಇಲ್ಲಿ ಯಂತ್ರವನ್ನು ಕೆಡಿಸುವುದು ಗಾಳಿಯ ತೇವ. ಒಳಗಿರುವ ಜಿಯೋಲೈಟ್ ಹರಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ; ಆದರೆ ಆಟಿ ತಿಂಗಳ ಮಳೆಯಲ್ಲಿ ಕಣದ ಕಾಫಿ ತೇವ ಎಳೆದುಕೊಳ್ಳುವ ಹಾಗೆ ಅದು ನೀರನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಹರಿವು ತೋರಿಸುವ ಮೀಟರಿನ ಗುಂಡು 5ರಲ್ಲೇ ನಿಂತಿರುತ್ತದೆ, ಶುದ್ಧತೆ ಮಾತ್ರ ಇಳಿದಿರುತ್ತದೆ. ಕೊರೋನಾದ ಎರಡನೇ ಅಲೆಯಲ್ಲಿ ಬಂದ ಯಂತ್ರಗಳನ್ನು ಸ್ಟೋರ್ ರೂಮಿನಲ್ಲೇ ಬಿಟ್ಟಿದ್ದರೆ ದಯವಿಟ್ಟು ಇಂದೇ ಹೊರಗೆ ತೆಗೆಯಿರಿ. ತಿಂಗಳಿಗೊಮ್ಮೆ ಒಂದೆರಡು ಗಂಟೆ ಓಡಿಸಿ, ಶುದ್ಧತೆ ಅಳೆಯುವ ಆಕ್ಸಿಜನ್ ಅನಲೈಸರ್ ಹಿಡಿದು ನೋಡಿ. ಶೇಕಡಾ 82ಕ್ಕಿಂತ ಕೆಳಗಿದ್ದರೆ ರೋಗಿಗೆ ಹಾಕಬೇಡಿ, ಜಿಯೋಲೈಟ್ ಡಬ್ಬಿ ಬದಲಿಸಬೇಕು. ಆನ್ ಮಾಡಿ ಐದಾರು ನಿಮಿಷ ಕಳೆದ ಮೇಲೆಯೇ ಅಳೆಯಿರಿ.

ಫಿಲ್ಟರ್ ಸ್ಪಂಜನ್ನು ವಾರಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆಯಬೇಕು. ಮಳೆಯಲ್ಲಿ ಅದು ಬೇಗ ಒಣಗದು. ಹಸಿಯಾಗಿಯೇ ಹಾಕಿದರೆ ಕಂಪ್ರೆಸರ್ ಆ ತೇವವನ್ನೇ ಒಳಗೆಳೆಯುತ್ತದೆ. ಯಂತ್ರಕ್ಕೆರಡು ಸ್ಪಂಜು ಹೆಚ್ಚಿಗೆ ಇಡಿ. ರೋಗಿಗೆ ಹೋಗುವ ಆಕ್ಸಿಜನ್‌ಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಗೆ ಡಿಸ್ಟಿಲ್ಡ್ ವಾಟರೇ ಆಗಬೇಕು, ನಿತ್ಯ ಬದಲಿಸಬೇಕು. ಮುಚ್ಚಳದ ಥ್ರೆಡ್ ಓರೆಯಾಗಿ ಕೂತರೆ ಅಲ್ಲೇ ಸೋರುತ್ತದೆ. ಸೋರಿಕೆ ಇದೆಯೇ ಎಂದು ನೋಡಲು ನಳಿಕೆಯ ತುದಿಯನ್ನು ಲೋಟದ ನೀರಿಗೆ ಅದ್ದಿ, ಗುಳ್ಳೆ ಜೋರಾಗಿ ಬಂದರೆ ಸರಿ. ಪರೀಕ್ಷೆಯಾದ ಮೇಲೆ ಒರೆಸಿಯೇ ರೋಗಿಗೆ ಹಾಕಿ. ಯಂತ್ರ ಗೋಡೆಯಿಂದ ಒಂದಡಿ ದೂರವಿರಲಿ. ಚಳಿಗೆಂದು ವಾರ್ಡಿನಲ್ಲಿ ಹೀಟರ್ ಹಚ್ಚುವವರು ಅದನ್ನು ಹತ್ತಿರಕ್ಕೂ ತರಬಾರದು.

ಮಳೆಗಾಲದಲ್ಲಿ ಕರೆಂಟನ್ನು ನೆಚ್ಚುವಂತಿಲ್ಲ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಕಡ್ಡಾಯ. ಕಂಪ್ರೆಸರ್ ಶುರುವಾಗುವಾಗ ಹೆಚ್ಚು ಎಳೆಯುವುದರಿಂದ ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ. ಜನರೇಟರ್ ಹಿಡಿಯುವ ತನಕ ಬೇಕಾಗುವ ಬಿ ಟೈಪ್ ಸಿಲಿಂಡರ್, ರೆಗ್ಯುಲೇಟರ್ ಕೂಡಿಸಿಯೇ ಮಂಚದ ಬದಿಯಲ್ಲಿರಲಿ. ಸಿಲಿಂಡರ್ ತೆರೆಯುವ ಕೀಲಿಯೂ ಅದಕ್ಕೇ ಕಟ್ಟಿರಲಿ.

ಹೊಸದು ಕೊಳ್ಳುವವರು ಶುದ್ಧತೆ ತೋರಿಸುವ ಪರದೆ ಮತ್ತು ಅಲಾರಂ ಇರುವುದನ್ನೇ ಆರಿಸಿ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಜಿಯೋಲೈಟ್ ಡಬ್ಬಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.