ಅಕ್ಕಿ ಗಿರಣಿಯ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್: ಕಾಲಂ ಹೆಸರು ವೇರಿಯಬಲ್‌ನಲ್ಲಿ ಬಂದಾಗ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳ ಲೆಕ್ಕದ ತಂತ್ರಾಂಶಕ್ಕೆ ಪೋಸ್ಟ್‌ಗ್ರೆಸ್ ಒಪ್ಪುವ ಡೇಟಾಬೇಸ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಲ್ಲಿ, ಡೇಟಾಬೇಸ್‌ನೊಳಗೇ ಫಂಕ್ಷನ್ ಬರೆಯಲು ಅದರಲ್ಲಿರುವ ಪಿಎಲ್‌ಪಿಜಿಎಸ್‌ಕ್ಯೂಎಲ್ ಭಾಷೆಯ ಒಂದೇ ಅಂಶವನ್ನು ಪರಿಶೀಲಿಸುತ್ತೇನೆ: ಕಾಲಂನ ಹೆಸರು ವೇರಿಯಬಲ್‌ನಲ್ಲಿ ಬಂದಾಗ ರೆಕಾರ್ಡ್‌ನಿಂದ (ಒಂದು ಸಾಲಿನ ಡೇಟಾದಿಂದ) ಅದರ ಮೌಲ್ಯವನ್ನು ಪಡೆಯುವುದು ಎಷ್ಟು ಸುಲಭ?

ಭತ್ತದ ಆವಕದ ಟೇಬಲ್‌ನಲ್ಲಿ ಲಾರಿ ನಂಬರು, ವೇಬ್ರಿಡ್ಜ್ ತೂಕ, ತೇವಾಂಶ, 75 ಕೆ.ಜಿ. ಚೀಲದ ದರ ಇರುತ್ತವೆ. ಯಾವುದನ್ನು ತಿದ್ದಲಾಯಿತು, ಮೊದಲು ಎಷ್ಟಿತ್ತು ಎಂಬುದು ಮಾಲೀಕರಿಗೆ ಬೇಕು. ಪ್ರತಿ ಟೇಬಲ್‌ಗೂ ಬೇರೆ ಬೇರೆ ಫಂಕ್ಷನ್ ಬರೆಯುವ ಬದಲು ಒಂದನ್ನೇ ಬರೆದು, ಗಮನಿಸಬೇಕಾದ ಕಾಲಂಗಳ ಹೆಸರನ್ನು ಟ್ರಿಗರ್‌ನ (ಸಾಲು ಬದಲಾದಾಗ ತಾನಾಗಿ ಆ ಫಂಕ್ಷನ್ ನಡೆಸುವ ವ್ಯವಸ್ಥೆಯ) ಆರ್ಗ್ಯುಮೆಂಟ್‌ಗಳಾಗಿ ಕೊಡುವುದು ಲೇಸು. ತೊಡಕು ಇರುವುದು ಅಲ್ಲಿಯೇ. ಟ್ರಿಗರ್‌ನಲ್ಲಿ ಹೊಸ ಸಾಲನ್ನು ಹಿಡಿದಿರುವ ರೆಕಾರ್ಡ್‌ನ ಹೆಸರು ‘ನ್ಯೂ’; ಅದನ್ನು ಬರೆದು ಚುಕ್ಕೆಯಿಟ್ಟು ಕಾಲಂನ ಹೆಸರನ್ನು ನೇರವಾಗಿ ಬರೆದರೆ ಕೆಲಸವಾಗುತ್ತದೆ; ಅದೇ ಜಾಗದಲ್ಲಿ ವೇರಿಯಬಲ್ ಇಟ್ಟರೆ, ಭಾಷೆಯು ಆ ವೇರಿಯಬಲ್‌ನ ಹೆಸರಿನದೇ ಕಾಲಂ ಹುಡುಕಿ, ಅಂಥ ಫೀಲ್ಡ್ ಇಲ್ಲವೆಂದು ಎರರ್ ಕೊಡುತ್ತದೆ.

2009ರ 8.4 ಆವೃತ್ತಿಯಲ್ಲಿ ಬಂದ ‘ಎಕ್ಸಿಕ್ಯೂಟ್ – ಯೂಸಿಂಗ್’ ಒಂದು ದಾರಿ ತೋರಿಸಿತು: ಕಾಲಂ ಹೆಸರನ್ನು ಸೇರಿಸಿ ಕ್ವೆರಿ ಕಟ್ಟಿ, ರೆಕಾರ್ಡ್ ಅನ್ನು ಪ್ಯಾರಾಮೀಟರ್ ಆಗಿ ಕಳಿಸುವುದು. ಟ್ರಿಗರ್‌ನ ‘ನ್ಯೂ’ ತನ್ನ ಟೇಬಲ್‌ನದೇ ಟೈಪ್ ಹೊಂದಿರುವುದರಿಂದ ಇದು ನಡೆಯುತ್ತದೆ. ಎರಡು ಟೇಬಲ್‌ಗಳ ಜಾಯಿನ್‌ನಿಂದ (ಜೋಡಣೆಯಿಂದ) ತುಂಬಿಸಿಕೊಂಡ, ಟೈಪ್‌ಗೆ ಹೆಸರಿಲ್ಲದ ರೆಕಾರ್ಡ್‌ಗೆ ನಡೆಯುವುದಿಲ್ಲ. ಅಲ್ಲದೆ ಪ್ರತಿ ಸಲವೂ ಕ್ವೆರಿಯನ್ನು ಹೇಗೆ ನಡೆಸಬೇಕೆಂಬ ಪ್ಲಾನ್ ಹೊಸದಾಗಿ ಆಗಬೇಕು. ಹೆಸರು–ಮೌಲ್ಯಗಳ ಜೋಡಿಗಳನ್ನು ಇಡುವ ಎಚ್‌ಸ್ಟೋರ್ ಎಕ್ಸ್‌ಟೆನ್ಷನ್ ಕೂಡ ಈ ಕೆಲಸ ಮಾಡುತ್ತದೆ, ಆದರೆ ಈಗ ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ನನಗೆ ಮೆಚ್ಚಿಗೆಯಾದದ್ದು 2016ರ ಜನವರಿಯಲ್ಲಿ ಬಿಡುಗಡೆಯಾದ 9.5 ಆವೃತ್ತಿಯ ‘ಟು_ಜೆಸನ್‌ಬಿ’. ಇಡೀ ರೆಕಾರ್ಡ್ ಅನ್ನು ಜೆಸನ್ (ಕೀ–ಮೌಲ್ಯ ಜೋಡಿಗಳ ರೂಪ) ಮಾಡಿಕೊಂಡು, ಕಾಲಂ ಹೆಸರನ್ನೇ ಕೀ ಆಗಿ ಕೊಟ್ಟು ಮೌಲ್ಯ ತೆಗೆದರಾಯಿತು. ಹಳೆಯ ಮತ್ತು ಹೊಸ ಸಾಲುಗಳ ಹೋಲಿಕೆ ಒಂದು ಸಣ್ಣ ಲೂಪ್‌ನಲ್ಲಿ ಮುಗಿಯುತ್ತದೆ, ಜಾಯಿನ್‌ನಿಂದ ಬಂದ ರೆಕಾರ್ಡ್‌ಗೂ ತಕರಾರಿಲ್ಲ. ಆದರೆ ಮೌಲ್ಯ ತೆಗೆಯುವ ಎರಡು ಮೊನೆಯ ಬಾಣದ (->>) ಆಪರೇಟರ್ ಕೊಡುವುದು ಟೆಕ್ಸ್ಟ್. ನ್ಯೂಮೆರಿಕ್‌ಗೆ ಕಾಸ್ಟ್ ಮಾಡದೆ (ಸಂಖ್ಯೆಯ ಟೈಪ್‌ಗೆ ಬದಲಾಯಿಸದೆ) ಹೋಲಿಸಿದರೆ 9ರ ತೇವಾಂಶ 14ಕ್ಕಿಂತ ಹೆಚ್ಚೆಂದು ತೀರ್ಮಾನವಾಗುತ್ತದೆ; ತೇವಾಂಶ ನೋಡಿ ದರ ಇಳಿಸುವ ಕಡೆ ಇದು ಸಣ್ಣ ಸಂಗತಿಯಲ್ಲ. ಮೌಲ್ಯವನ್ನು ರೆಕಾರ್ಡ್‌ಗೆ ವಾಪಸ್ ಹಾಕಲು ‘ಜೆಸನ್‌ಬಿ_ಪಾಪ್ಯುಲೇಟ್_ರೆಕಾರ್ಡ್’ ಇದೆ, ಬರವಣಿಗೆ ತುಸು ಉದ್ದ.

ಫಂಕ್ಷನ್‌ಗಳ ತುಂಬ ಇಂಥದೇ ಕೆಲಸವಿದ್ದರೆ ಪರ್ಲ್ ಭಾಷೆಯಲ್ಲಿ ಫಂಕ್ಷನ್ ಬರೆಯುವ ಪಿಎಲ್‌ಪರ್ಲ್ ಹೆಚ್ಚು ಹೊಂದುತ್ತದೆ, ಅಲ್ಲಿ ಸಾಲು ಹ್ಯಾಶ್ (ಕೀ ಕೊಟ್ಟು ಮೌಲ್ಯ ಪಡೆಯುವ ಪಟ್ಟಿ) ಆಗಿಯೇ ಸಿಗುತ್ತದೆ. ಪಿಎಲ್‌ಪೈಥಾನ್ ಕೂಡ ಅಷ್ಟೇ ಸರಾಗ; ಆದರೆ ಅದರಲ್ಲಿ ಫಂಕ್ಷನ್ ರಚಿಸುವ ಅಧಿಕಾರ ಡೇಟಾಬೇಸ್‌ನ ಪೂರ್ಣ ಅಧಿಕಾರವಿರುವ ಸೂಪರ್‌ಯೂಸರ್‌ಗೆ ಮಾತ್ರ ಇರುವುದರಿಂದ, ಬಾಡಿಗೆ ಸರ್ವರ್ ಬಳಸುವ ಗಿರಣಿಯವರು ಆ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.