ಕಲಬುರಗಿಯ ಬಿಸಿಲಲ್ಲಿ ಉಪ್ಪುನೀರಿನ ಅಕ್ವೇರಿಯಂ: ಬೇಸಿಗೆ ಕಳೆದ ಮೇಲೆ ಬರೆದ ವಿಮರ್ಶೆ

ಕೊಂಡ ಹೊಸದರಲ್ಲಿ ಬರೆಯುವ ವಿಮರ್ಶೆಗಳಲ್ಲಿ ಗಾಜು ಎಷ್ಟು ತಿಳಿ, ಲೈಟು ಎಷ್ಟು ನೀಲಿ ಎನ್ನುವುದೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಆ ಟ್ಯಾಂಕ್ ಹೇಗಿರುತ್ತದೆ ಎಂದು ಯಾರೂ ಬರೆಯುವುದಿಲ್ಲ. ನಮ್ಮ ಭಾಗದವರಿಗೆ ಮೊದಲು ಬೇಕಾದದ್ದೇ ಅದು. ಹಾಗಾಗಿ ನನ್ನ ನೂರು ಲೀಟರಿನ ಮರೈನ್ ಟ್ಯಾಂಕ್ ಮತ್ತು ಅದರ ಜೊತೆಗೆ ಕೊಂಡ ಯಂತ್ರಗಳ ಬಗ್ಗೆ ಇಷ್ಟು ಕಾಲ ಕಾದು ಬರೆಯುತ್ತಿದ್ದೇನೆ.

ಟ್ಯಾಂಕ್ 'ಆಲ್-ಇನ್-ಒನ್' ಮಾದರಿಯದು. ಫಿಲ್ಟರ್, ಪಂಪ್, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಎಲ್ಲವೂ ಹಿಂಬದಿಯ ಖಾನೆಗಳಲ್ಲಿ ಕೂರುತ್ತವೆ. ಹೊಸಬರಿಗೆ ಇದೇ ಸರಿ. ಕೆಳಗೆ ಇನ್ನೊಂದು ತೊಟ್ಟಿ, ಪೈಪು ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಗಾಜು, ಅಂಟು ಇಂದಿಗೂ ಗಟ್ಟಿಯಾಗಿವೆ. ಜೊತೆಗೆ ಬಂದ ಹೀಟರ್ ನಮ್ಮೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗಷ್ಟೇ ಕೆಲಸಕ್ಕೆ ಬರುತ್ತದೆ. ಮೇಲಿನ ಗಾಜಿನ ಮುಚ್ಚಳ ಶಾಖವನ್ನು ಒಳಗೇ ಹಿಡಿದಿಡುವುದರಿಂದ ಅದನ್ನು ತೆಗೆದು ಸಣ್ಣ ಕಣ್ಣಿನ ಬಲೆ ಹಾಕಿದ್ದೇನೆ. ಲೈಟಿನ ಸ್ಟ್ಯಾಂಡಿನ ಸ್ಕ್ರೂಗಳು ಬೇಗ ತುಕ್ಕು ಹಿಡಿದವು. ಉಪ್ಪುನೀರಿಗೆಂದೇ ಮಾರುವ ವಸ್ತುವಿನಲ್ಲಿ ಇದು ಆಗಬಾರದು.

ಈಗ ಬಿಸಿಲಿನ ಮಾತು. ಸಮುದ್ರದ ಮೀನಿಗೆ 25ರಿಂದ 27 ಡಿಗ್ರಿ ಹಿತ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 42-43 ಮುಟ್ಟುತ್ತದೆ, ಮನೆಯೊಳಗೆ ನೆರಳಲ್ಲಿಟ್ಟ ನೀರೂ ಕಾಯುತ್ತದೆ. ಅದರ ಮೇಲೆ ಪಂಪು, ಲೈಟುಗಳ ಶಾಖ ಬೇರೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ, 32 ಡಿಗ್ರಿಯಲ್ಲಿ ಹಿಡಿಯುವುದು 6ರ ಆಸುಪಾಸು. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಎರಡೂ ಕಡೆಯಿಂದ ಬೀಳುವ ಪೆಟ್ಟು ಅದು.

ತಂಪು ಮಾಡಲು ದಾರಿ ಎರಡು: ಫ್ಯಾನ್, ಇಲ್ಲವೇ ಫ್ರಿಜ್ಜಿನಂತೆ ನೀರನ್ನು ತಣಿಸುವ ಚಿಲ್ಲರ್. ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನು ಮಂಗಳೂರಿನಂಥ ಊರಿನಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ, ಅಲ್ಲಿನ ಗಾಳಿಯೇ ಒದ್ದೆ. ನಮ್ಮ ಒಣಗಾಳಿಯಲ್ಲಿ ಅದು ಮೂರ್ನಾಲ್ಕು ಡಿಗ್ರಿ ಇಳಿಸುತ್ತದೆ; ಆವಿಯಾಗುವ ನೀರು ಶಾಖವನ್ನೂ ಒಯ್ಯುತ್ತದೆ, ಮನೆಮನೆಯ ಕೂಲರ್ ನಡೆಯುವುದೂ ಇದೇ ತತ್ವದ ಮೇಲೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಟ್ಯಾಂಕ್ ಇಟ್ಟ ಕೋಣೆಯಲ್ಲೇ ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆಯ ಗಾಳಿ ಒದ್ದೆಯಾಗುತ್ತದೆ, ಟ್ಯಾಂಕಿನ ಫ್ಯಾನಿನ ಬಲ ಕುಗ್ಗುತ್ತದೆ. ಕೂಲರ್ ಓಡುವಾಗ ಎದುರಿನ ಕಿಟಕಿ ತೆರೆದೇ ಇರಬೇಕು. ಮಾರ್ಚ್ ಮತ್ತು ಜೂನ್ ತಿಂಗಳಿಗೆ ಫ್ಯಾನ್ ಸಾಕು. ಏಪ್ರಿಲ್, ಮೇ ತಿಂಗಳಿಗೆ ಚಿಲ್ಲರ್ ಇಲ್ಲದೆ ಆಗದು, ಇದರಲ್ಲಿ ನನಗೆ ಎರಡು ಮಾತಿಲ್ಲ. ನನ್ನದು 1/10 ಎಚ್‌ಪಿಯದು, ನೂರು ಲೀಟರಿಗೆ ಸಾಕಾಗುತ್ತದೆ. ಅದು ನೀರಿನ ಶಾಖವನ್ನು ಕೋಣೆಗೇ ಉಗುಳುವುದರಿಂದ ಸ್ಟ್ಯಾಂಡಿನ ಕಪಾಟಿನೊಳಗೆ ಮುಚ್ಚಿಡಬಾರದು. ನಮ್ಮ ಧೂಳಿಗೆ ಅದರ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಬ್ರಷ್‌ನಿಂದ ಆಗಾಗ ತೆಗೆಯುತ್ತಿರಬೇಕು. ಟ್ಯಾಂಕಿಗಿಂತ ಚಿಲ್ಲರೇ ದುಬಾರಿ ಬಿತ್ತು. ಆದರೂ ಈ ಪಟ್ಟಿಯಲ್ಲಿ ನಾನು ಪೂರ್ತಿ ಅಂಕ ಕೊಡುವುದು ಅದಕ್ಕೇ.

ಬಿಸಿಲಿನ ಇನ್ನೊಂದು ಪರಿಣಾಮ ನೀರು ಆವಿಯಾಗಿ ಆರುವುದು. ಫ್ಯಾನ್ ಓಡುವ ದಿನಗಳಲ್ಲಿ ದಿನಕ್ಕೆ ಎರಡು-ಮೂರು ಲೀಟರ್ ಹೋಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೂರು ಲೀಟರಿನಲ್ಲಿ ಮೂರು ಲೀಟರ್ ಆರಿದರೆ ಸಾವಿರಕ್ಕೆ 35ರಷ್ಟಿದ್ದ ಉಪ್ಪಿನಂಶ 36 ದಾಟುತ್ತದೆ. ಆದ್ದರಿಂದ ಮೇಲಿಂದ ತುಂಬುವುದು ಸಿಹಿನೀರನ್ನೇ, ಉಪ್ಪು ಬೆರೆಸಿದ್ದನ್ನಲ್ಲ. ಮಟ್ಟ ಇಳಿದ ಕೂಡಲೇ ತಾನೇ ತುಂಬುವ ಆಟೋ ಟಾಪ್-ಆಫ್ ಸಾಧನ ಬೇಸಿಗೆಯಲ್ಲಿ ನೆಮ್ಮದಿ ಕೊಟ್ಟಿದೆ.

ಯಾವ ನೀರು ಎನ್ನುವುದು ಮುಂದಿನ ಪ್ರಶ್ನೆ. ನಾನು ಟ್ಯಾಂಕಿಗೆಂದೇ ಬೇರೆ ಆರ್‌ಓ-ಡಿಐ ಶುದ್ಧೀಕರಣ ಯಂತ್ರ ಇಟ್ಟಿದ್ದೇನೆ. ಕ್ಯಾನ್ ನೀರು ತರುವ ಹುಡುಗ ಒಮ್ಮೆ ಕೇಳಿದ: "ಅಕ್ಕಾ, ನಾ ತರೋದೂ ಆರ್‌ಓ ನೀರೇ ಅದರೀ, ಮತ್ತ್ಯಾಕ ಬ್ಯಾರೆ ಮಷಿನ್?" ನ್ಯಾಯವಾದ ಪ್ರಶ್ನೆ. ಕುಡಿಯುವ ನೀರಿನಲ್ಲಿ ಒಂದಿಷ್ಟು ಲವಣ ಉಳಿದಿರಬೇಕು, ಮನೆಯ ಆರ್‌ಓಗಳಲ್ಲಿ ರುಚಿಗೆಂದು ಬೇಕಂತಲೇ ಉಳಿಸುವುದೂ ಉಂಟು. ಟ್ಯಾಂಕಿಗೆ ಬೇಕಾದದ್ದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಸೊನ್ನೆಯ ನೀರು. ಉಳಿದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳೇ ಪಾಚಿಯ ಆಹಾರ. ದಿನವೂ ಮೇಲಿಂದ ಸುರಿಯುತ್ತ ಹೋದರೆ ಅವು ಕೂಡುತ್ತಲೇ ಹೋಗುತ್ತವೆ. ಆರ್‌ಓ ಪೊರೆ ಲವಣಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗವನ್ನು ತಡೆಯುತ್ತದೆ, ಮಿಕ್ಕದ್ದನ್ನು ಡಿಐ ರೆಸಿನ್ ಎಂಬ ಸಣ್ಣ ಮಣಿಗಳು ಹೀರಿಕೊಳ್ಳುತ್ತವೆ. ನಮ್ಮ ಬೋರಿನ ಗಡಸು ನೀರು ಹಾಯಿಸಿದರೆ ರೆಸಿನ್ ಬೇಗ ಮುಗಿಯುತ್ತದೆ. ನಲ್ಲಿಯಲ್ಲಿ ಬರುವ ನೀರು ಹಾಯಿಸಿದರೆ ಅದು ಹೆಚ್ಚು ದಿನ ಬಾಳುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರ್ನಾಲ್ಕು ಲೀಟರ್ ಹೊರಬೀಳುತ್ತದೆ. ಬೇಸಿಗೆಯಲ್ಲಿ ನೀರಿಗೆ ಕಾಯುವ ಊರಿನಲ್ಲಿ ಅದನ್ನು ಮೋರಿಗೆ ಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಂಗಳ ತೊಳೆಯಲು, ಬಟ್ಟೆ ನೆನೆಸಲು ಹಿಡಿದಿಡುತ್ತೇವೆ.

ಉಪ್ಪು ಎಂದರೆ ಅಡುಗೆ ಉಪ್ಪಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತವೆ. ಮರೈನ್ ಸಾಲ್ಟ್ ಎಂದು ಸಿಗುವುದನ್ನೇ ಕೊಳ್ಳಬೇಕು. ನಾನು ಬಳಸುವುದು ರೆಡ್ ಸೀ ಕಂಪನಿಯ ನೀಲಿ ಡಬ್ಬಿ. ಬೇಗ ಕರಗುತ್ತದೆ, ತಳದಲ್ಲಿ ಗಸಿ ಉಳಿಯುವುದಿಲ್ಲ. ಹವಳಕ್ಕೆಂದು ಮಾರುವ ಕಪ್ಪು ಡಬ್ಬಿ ಬರೀ ಮೀನು ಸಾಕುವವರಿಗೆ ಬೇಕಿಲ್ಲ. ಉಪ್ಪಿನಂಶ ಅಳೆಯಲು ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ, ಒಂದು ಹನಿ ನೀರು ಹಾಕಿ ಕಣ್ಣಿಟ್ಟು ನೋಡುವ ರಿಫ್ರಾಕ್ಟೋಮೀಟರ್ ಕೊಳ್ಳಿ.

ಹವಳದ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಸಮುದ್ರಕುದುರೆ ಸೇರಿದವು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. 'ಲೈವ್ ರಾಕ್' ಹೆಸರಲ್ಲಿ ಬಿಕರಿಯಾಗುವ ಸಮುದ್ರದ ಹವಳದ ತುಂಡನ್ನು ಕೊಳ್ಳಬೇಡಿ, ಮಾರುವವರು ಎಷ್ಟೇ ಧೈರ್ಯ ಹೇಳಲಿ. ನನ್ನ ಟ್ಯಾಂಕಿನಲ್ಲಿರುವುದು ಕೈಯಿಂದ ತಯಾರಿಸಿದ ರಂಧ್ರಮಯ ಕಲ್ಲು. ನಮ್ಮ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಅಲ್ಲವೇ ಎಂದು ಕೆಲವರು ಕೇಳಿದ್ದಾರೆ. ಹೌದು, ಆದರೆ ಅದು ಒತ್ತಾದ ನುಣುಪು ಕಲ್ಲು. ಬ್ಯಾಕ್ಟೀರಿಯಾ ಮನೆ ಮಾಡಲು ಅದರಲ್ಲಿ ಜಾಗವಿಲ್ಲ.

ಆ ಬ್ಯಾಕ್ಟೀರಿಯಾಗಳೇ ನಿಜವಾದ ಫಿಲ್ಟರ್. ಮೀನಿನ ಮಲದಿಂದ, ಉಳಿದ ತಿಂಡಿಯಿಂದ ಬರುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಟ್ಯಾಂಕಿನಲ್ಲಿ ಮೀನಿಲ್ಲ, ಬರೀ ನೀರು, ಕಲ್ಲು, ಟೆಸ್ಟ್ ಕಿಟ್. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಮೀನು.

ಮೊದಲ ಮೀನು ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಕ್ಲೌನ್ ಜೋಡಿಯೇ ಆಗಲಿ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಹಾಗೆ ಬೆಳೆದ ಮರಿಗಳು ಸಮುದ್ರದಿಂದ ಹಿಡಿದು ತಂದವಕ್ಕಿಂತ ಬೇಗ ಒಗ್ಗುತ್ತವೆ, ಒಣ ತಿಂಡಿಯನ್ನೂ ತಿನ್ನುತ್ತವೆ. ಸಮುದ್ರದಲ್ಲಿ ಅವು ಆಸರೆ ಪಡೆಯುವ ಸಮುದ್ರಹೂವು (ಅನಿಮೋನ್ ಎಂಬ ಜೀವಿ) ಇಲ್ಲದೆಯೂ ಚೆನ್ನಾಗಿಯೇ ಇರುತ್ತವೆ. ಎಲ್ಲ ಮರಿಗಳೂ ಮೊದಲು ಗಂಡೇ, ಜೋಡಿಯಲ್ಲಿ ಮೇಲುಗೈ ಆದದ್ದು ಹೆಣ್ಣಾಗುತ್ತದೆ. ಹೀಗಾಗಿ ಒಂದು ದೊಡ್ಡದು, ಒಂದು ಸಣ್ಣದು ಆರಿಸಿದರೆ ಜಗಳ ಕಡಿಮೆ. ನಾನು ಹೈದರಾಬಾದಿನಿಂದ ಆಮ್ಲಜನಕ ತುಂಬಿದ ಚೀಲದಲ್ಲಿ, ಥರ್ಮೋಕೋಲ್ ಡಬ್ಬಿಯೊಳಗೆ ಇಟ್ಟು ರೈಲಿನಲ್ಲಿ ತಂದೆ. ನವೆಂಬರಿನಿಂದ ಫೆಬ್ರವರಿಯೊಳಗೆ ತರುವುದು ಒಳ್ಳೆಯದು. ದೊಡ್ಡದಾಗಿ ಬೆಳೆಯುವ ನೀಲಿ ಮೀನು ಬ್ಲೂ ಟ್ಯಾಂಗ್ ಎಷ್ಟೇ ಚಂದ ಕಂಡರೂ ನೂರು ಲೀಟರ್ ಅದಕ್ಕೆ ಸೆರೆಮನೆ, ತರಬೇಡಿ.

ಕರೆಂಟ್ ಹೋದಾಗ ಮೊದಲು ಕಾಪಾಡಬೇಕಾದದ್ದು ನೀರಿನ ಚಲನೆಯನ್ನು. ನಮ್ಮ ಮನೆಯ ಇನ್ವರ್ಟರ್ ಮೇಲೆ ಪಂಪ್ ಮತ್ತು ಫ್ಯಾನ್ ಮಾತ್ರ ಇವೆ, ಚಿಲ್ಲರ್ ಇಲ್ಲ. ಅದರ ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದು ಸದಾ ಸಿದ್ಧ. ಪ್ಲಗ್ಗಿಗೆ ಹೋಗುವ ವೈರನ್ನು ಕೆಳಗೆ ಬಾಗಿಸಿ ಬಿಟ್ಟಿದ್ದೇವೆ, ಉಪ್ಪುನೀರು ವೈರಿನ ಗುಂಟ ಹರಿದು ಸಾಕೆಟ್ ಸೇರಬಾರದು.

ನೆಲಮಹಡಿಯಲ್ಲಿದ್ದು ಬೇಸಿಗೆಯಲ್ಲೂ ಮನೆಯಲ್ಲಿ ಯಾರಾದರೂ ಇರುವವರಿಗೆ ಈ ಟ್ಯಾಂಕನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿದದ್ದು ಸ್ಕ್ರೂ ಮತ್ತು ಮುಚ್ಚಳಕ್ಕೆ. ಮೇಲಿನ ಮಹಡಿಯಲ್ಲಿ, ಕಾಯುವ ಸ್ಲ್ಯಾಬಿನ ಕೆಳಗೆ ಇರುವವರು ಎಸಿ ಇದ್ದರೆ ಮಾತ್ರ ಕೈ ಹಾಕಿ. ಮೇ ತಿಂಗಳಿಡೀ ಬೀಗ ಹಾಕಿ ಊರಿಗೆ ಹೋಗುವವರು ಸದ್ಯಕ್ಕೆ ಕೊಳ್ಳದಿರುವುದೇ ಮೀನಿಗೆ ಒಳ್ಳೆಯದು.